ಅಂಗಾಲಿನ ಮಾತು

ಹುಣಸೂರಿನ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಕ್ಲಿನಿಕ್ ಇಟ್ಟುಕೊಂಡಿದ್ದ ಒಬ್ಬ ಹೆಂಗಸಿನ ಮೇಲೆ ನಾನು ಇಪ್ಪತ್ತು ವರ್ಷಕ್ಕೂ ಮೇಲೆ ಹೊಟ್ಟೆಕಿಚ್ಚು ಪಟ್ಟಿದ್ದೇನೆ. ಆಕೆ ನನ್ನ ಹೆಂಡತಿಯ ಹೆರಿಗೆ ಡಾಕ್ಟರು. ನಮ್ಮ ಮಗಳು ಬದುಕಿ ಹುಟ್ಟಿದ್ದು ಅವರಿಂದ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ನಾನೂ ಹೇಳುತ್ತೇನೆ. ಹೇಳುವಾಗಲೂ ಆ ಕಿಚ್ಚು ಆರುವುದಿಲ್ಲ. ಮೊನ್ನೆ ಅವರು ತೀರಿಕೊಂಡ ಮೇಲಾದರೂ ಅದು ಹೋಗಬೇಕಿತ್ತು, ಹೋಗಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ.

ಊರಿಗೆಲ್ಲ ಅವರು ಡಾಕ್ಟ್ರಮ್ಮ. ಹೆಸರು ಬೋರ್ಡಿನ ಮೇಲಿತ್ತು, ಯಾರೂ ಓದುತ್ತಿರಲಿಲ್ಲ. ನಾನೂ ಇಲ್ಲಿ ಬರೆಯುವುದಿಲ್ಲ. ಚುಂಚನಕಟ್ಟೆ ಕಡೆಯ ಗದ್ದೆ ಬೇಸಾಯದ ಮನೆಯವರು. ಹಣೆಯ ಮೇಲೆ ತೆಳುವಾದ ವಿಭೂತಿ, ಅದರ ಕೆಳಗೆ ದಪ್ಪ ಕನ್ನಡಕ, ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಂಡ ದೊಡ್ಡ ಆಳು. ಧ್ವನಿ ಆಳಿಗಿಂತ ದೊಡ್ಡದು. ಒಳಗೆ ಅವರು ಯಾರಿಗಾದರೂ ಬೈದರೆ ಹೊರಗೆ ಬೆಂಚಿನ ಮೇಲೆ ಕೂತವರಿಗೆ ಆ ಮನೆಯ ಅತ್ತೆ ಎಂಥವಳು, ನಾದಿನಿ ಎಂಥವಳು ಎಂಬುದೆಲ್ಲ ತಿಳಿದುಹೋಗುತ್ತಿತ್ತು. ಸಂಜೆಯಾದರೆ ಮೂಲೆ ಗಾಡಿಯಿಂದ ಚುರುಮುರಿ ತರಿಸಿಕೊಂಡು, ಪೊಟ್ಟಣವನ್ನು ಮೇಜಿನ ಮೇಲೆ ಬಿಚ್ಚಿಟ್ಟು, ರೋಗಿಗೂ ಒಂದು ಹಿಡಿ ಕೊಟ್ಟು ಮಾತಾಡುವರು. ಬಸುರಿಯ ಗಂಡನಿಗೆ ಕೊಡುತ್ತಿರಲಿಲ್ಲ. ಇದು ನನಗೆ ಚೆನ್ನಾಗಿ ನೆನಪಿದೆ. ನೆನಪಿದೆ ಎಂದು ಬರೆಯುವಾಗ ಕೈ ತಡೆಯುತ್ತದೆ. ನಾನು ಮೈಸೂರಿನಲ್ಲಿ ಇತಿಹಾಸ ಎಂ.ಎ. ಮಾಡಿ, ಕಾಲೇಜಿನಲ್ಲಿ ಹುಡುಗರಿಗೆ ಜೀವಮಾನವಿಡೀ ಹೇಳಿಕೊಟ್ಟದ್ದು ಒಂದೇ: ಯಾರು ಏನೇ ಹೇಳಲಿ, ಇದಕ್ಕೆ ಆಕರ ಯಾವುದು ಎಂದು ಮೊದಲು ಕೇಳಿ.

ಅವರ ಕೋಣೆಯಲ್ಲಿ ಡಾಕ್ಟರ ಕುರ್ಚಿ ಅಂತ ಒಂದಿತ್ತು. ಅದರ ಮೇಲೆ ಫೈಲುಗಳು ಕೂತಿರುತ್ತಿದ್ದವು. ಡಾಕ್ಟ್ರಮ್ಮ ಕೂರುತ್ತಿದ್ದುದು ಊಟದ ಮಣೆಗಿಂತ ಗೇಣು ಎತ್ತರದ ಒಂದು ಮರದ ಮಣೆಯ ಮೇಲೆ. ಬಸುರಿ ಕುರ್ಚಿಯಲ್ಲಿ, ಡಾಕ್ಟರು ಅವಳ ಪಾದದ ಹತ್ತಿರ. ಬಾಗಿಲಲ್ಲೇ ಚಪ್ಪಲಿ ಬಿಡಿಸಿ, ನಾಲ್ಕು ಹೆಜ್ಜೆ ನಡೆಸಿ ನೋಡಿ, ಆಮೇಲೆ ಅವಳ ಕಾಲನ್ನು ಎತ್ತಿ ತಮ್ಮ ತೊಡೆಯ ಮೇಲೆ ಇಟ್ಟುಕೊಂಡುಬಿಡುವರು. ಹೆಬ್ಬೆಟ್ಟಿನಿಂದ ಕಣಕಾಲು ಒತ್ತಿ ಗುಳಿ ಬೀಳುತ್ತದೆಯೇ ನೋಡುವರು. ಕಾಲುಂಗುರ ಬಿಗಿಯಾಗಿದೆಯೇ ಎಂದು ತಿರುಗಿಸುವರು. ಹಿಮ್ಮಡಿ ತಿರುವಿ ಅಂಗಾಲು ನೋಡುವರು. ರಿಪೋರ್ಟುಗಳೆಲ್ಲ ಆಮೇಲೆ.

ಜೊತೆಗೆ ಬಂದ ಮುದುಕಿಯರಿಗೆ ಜೀವ ಹೋದ ಹಾಗಾಗುತ್ತಿತ್ತು.

"ಅಯ್ಯೋ ಕಾಲ್ ಮುಟ್ಬ್ಯಾಡಿ ಡಾಕ್ಟ್ರಮ್ಮ, ನಮ್ ಉಡ್ಗಿಗೆ ಪಾಪ ಸುತ್ಕತದೆ."

"ಬಂದ್ರೆ ನಂಗೆ ಬರ್ಲಿ ಬುಡಜ್ಜಿ. ಮೊಖ ಪೌಡರ್ ಹಾಕ್ಕಂಡು ಬತ್ತದೆ. ಕಾಲು ಹಂಗೇ ಬತ್ತದೆ."

ನನ್ನ ಹೆಂಡತಿ ಗಿರಿಜೆಯ ಕಾಲನ್ನು ನಾನು ಮುಟ್ಟಿದ್ದು ಅಲ್ಲಿಯವರೆಗೆ ಒಂದೇ ಸಲ, ಮದುವೆಯ ದಿನ, ಕಾಲುಂಗುರ ತೊಡಿಸುವಾಗ. ಅದೂ ಒಂದು ಗುಬ್ಬಿ ಮುಟ್ಟಿದ ಹಾಗೆ, ಸುತ್ತ ನೆಂಟರು ನಗುತ್ತಿದ್ದಾಗ. ಆಮೇಲೆ ಮನೆಯಲ್ಲಿ ಹಿರಿಯರಿರುವಾಗ ಹೆಂಡತಿಯ ಕಾಲು ಹಿಡಿಯುವ ಗಂಡಸು ಯಾರಿದ್ದಾನೆ? ಮೊದಲ ಸಲ ಅವಳನ್ನು ಕ್ಲಿನಿಕ್ಕಿಗೆ ಕರೆದುಕೊಂಡು ಹೋದಾಗ ಆ ಹೆಂಗಸು ಗಿರಿಜೆಯ ಎರಡೂ ಪಾದಗಳನ್ನು ತೊಡೆಯ ಮೇಲಿಟ್ಟುಕೊಂಡು, ಸೊಪ್ಪಿನ ಸಾರಿನ ಬಗ್ಗೆ ಮಾತಾಡುತ್ತಾ, ಬೆರಳುಗಳನ್ನು ಒಂದೊಂದಾಗಿ ಎಳೆಯುತ್ತಿದ್ದರು. ಗಿರಿಜೆ ಕಚಗುಳಿಯಾಗಿ ನಗುತ್ತಿದ್ದಳು. ನನ್ನ ಜೊತೆ ಅವಳು ಹಾಗೆ ನಕ್ಕದ್ದನ್ನು ನಾನು ಕೇಳಿರಲಿಲ್ಲ. ನಾನು ಗೋಡೆಗೆ ಒರಗಿ ನಿಂತಿದ್ದೆ. ಕೂರಲು ಖಾಲಿ ಕುರ್ಚಿ ಅಲ್ಲಿರಲಿಲ್ಲ.

ಹೊಟ್ಟೆಕಿಚ್ಚಿಗೆ ಇನ್ನೊಂದು ಕಾರಣವೂ ಇತ್ತು, ಅದು ನನ್ನ ಕಸುಬಿಗೆ ಸೇರಿದ್ದು. ಅನುಮಾನ ಪಡುವುದು ನನ್ನ ವಿದ್ಯೆ ಎಂದುಕೊಂಡಿದ್ದೆ. ಹಾಗಾಗಿ ಅವರು ಏನೇ ಹೇಳಿದರೂ "ಅದು ಹೇಗೆ ಹೇಳ್ತೀರಿ?" ಎಂದು ಕೇಳುತ್ತಿದ್ದೆ. ಬೇರೆ ಡಾಕ್ಟರಾದರೆ ರೇಗುತ್ತಿದ್ದರು. ಇವರು ಚುರುಮುರಿ ಅಗಿಯುತ್ತಾ, "ಹೇಳಕ್ಕಾಗಲ್ಲ ಮೇಷ್ಟ್ರೇ. ಅದ್ಕೇ ರಕ್ತ ತಗೀರಿ ಅಂದಿದ್ದು" ಎನ್ನುವರು. ನಾನು ಅನುಮಾನಪಟ್ಟು ಸುಮ್ಮನಾಗುವ ಜಾಗದಿಂದ ಅವರು ಶುರು ಮಾಡುತ್ತಿದ್ದರು. ಅವರ ಅನುಮಾನಗಳು ಬಹಳ ಸಲ ಸುಳ್ಳಾಗಿವೆ. ಏನೂ ಇಲ್ಲದ ಎಷ್ಟೋ ಹೆಂಗಸರನ್ನು ಮೈಸೂರಿಗೆ ಅಟ್ಟಿ, ಬಸ್ಸಿನಲ್ಲಿ ಕುಲುಕಿಸಿ, ವಾಪಸು ಬಂದಾಗ "ಏನೂ ಇಲ್ಲಂತಾ? ಸರಿ, ಒಳ್ಳೇದಾಯ್ತಲ್ಲ" ಎಂದವರು. ಟೆಸ್ಟಿನ ದುಡ್ಡಿನಲ್ಲಿ ಆಕೆಗೆ ಪಾಲಿದೆ ಎಂದು ಟೀ ಅಂಗಡಿಯಲ್ಲಿ ಮಾತು ಬರುತ್ತಿತ್ತು. ಆ ಮಾತು ಬಂದಾಗ ನಾನು ಇನ್ನೊಂದು ಟೀ ಹೇಳಿ ಕೂತು ಕೇಳುತ್ತಿದ್ದೆ. ಹಾಯೆನಿಸುತ್ತಿತ್ತು.

ಈಗ ಮಗಳು ಹುಟ್ಟಿದ ವರ್ಷದ ವಿಷಯ.

ಗಿರಿಜೆಯ ತವರು ಪಿರಿಯಾಪಟ್ಟಣ ತಾಲ್ಲೂಕಿನ ರಾವಂದೂರಿನ ಹತ್ತಿರ. ಹೊಗೆಸೊಪ್ಪು ಬೆಳೆಯುವ ಮನೆ. ಬಾಣಂತನಕ್ಕೆ ಅಂತ ಅವಳು ಮೊದಲೇ ಅಲ್ಲಿಗೆ ಹೋಗಿದ್ದಳು. ಹೋದ ಹೊತ್ತಿಗೆ ಸೊಪ್ಪು ಮುರಿಯುವ ಕಾಲ. ಹೊಲದಿಂದ ಹಸಿ ಎಲೆ ಬಂದು ಹೆಬ್ಬಾಗಿಲ ಮುಂದಿನ ಚಪ್ಪರದಲ್ಲಿ ಗುಡ್ಡೆ ಬೀಳುತ್ತದೆ. ಹೆಂಗಸರೆಲ್ಲ ಸಾಲಾಗಿ ಕೂತು ಎಲೆಗಳನ್ನು ಉದ್ದನೆಯ ಕಡ್ಡಿಗೆ ದಾರದಿಂದ ಕಟ್ಟುತ್ತಾರೆ. ಕಡ್ಡಿಗಳು ಬೇಯಲು ಬ್ಯಾರನ್ನಿಗೆ ಹೋಗುತ್ತವೆ, ಅಂದರೆ ಸೌದೆ ಉರಿಸಿ ಸೊಪ್ಪು ಒಣಗಿಸುವ ಎತ್ತರದ ಮನೆಗೆ. ಬಸುರಿ ಎಂದು ಯಾರೂ ಗಿರಿಜೆಗೆ ಕೆಲಸ ಹೇಳಲಿಲ್ಲ. ಆದರೆ ಎಲ್ಲರೂ ಕೂತು ಹರಟುತ್ತಾ ಕಟ್ಟುವಾಗ ಒಬ್ಬಳೇ ಒಳಗೆ ಮಲಗಿರುವುದು ಹೇಗೆ? ಅವಳೂ ಕೂತಳು.

ಹಸಿ ಹೊಗೆಸೊಪ್ಪಿನ ಅಂಟು ಕೈಗೆ ಹತ್ತಿದರೆ ಕಪ್ಪಗೆ ಮೆತ್ತಿಕೊಳ್ಳುತ್ತದೆ, ನವೆ ಬರುತ್ತದೆ. ಆ ಸೀಮೆಯ ಹೆಂಗಸರಿಗೆ ಅದು ನೆಗಡಿಯಷ್ಟು ಮಾಮೂಲು. ಹಾಗಾಗಿ ಗಿರಿಜೆ ಅಂಗೈ ತುರಿಸಿಕೊಳ್ಳಲು ಶುರು ಮಾಡಿದಾಗ ಯಾರೂ ತಿರುಗಿ ನೋಡಲಿಲ್ಲ. ನಮ್ಮತ್ತೆ ಕೊಬ್ಬರಿ ಎಣ್ಣೆ ಹಚ್ಚಿದರು, ಹುಣಸೆಹಣ್ಣಿನ ನೀರಲ್ಲಿ ಕೈ ತೊಳೆಸಿದರು. "ಸೊಪ್ಪಿನ್ ನವೆ ಕಣವ್ವ. ನಮ್ಗೆಲ್ಲಾ ಇಲ್ವಾ? ಕಟ್ಬ್ಯಾಡ ಅಂದ್ರೆ ಕೇಳಾಕಿಲ್ಲ ನೀನು." ಗಿರಿಜೆ ಕಟ್ಟುವುದನ್ನು ಬಿಟ್ಟಳು. ನವೆ ಬಿಡಲಿಲ್ಲ. ಚರ್ಮದ ಮೇಲೆ ಗುಳ್ಳೆಯಿಲ್ಲ, ಕೆಂಪಿಲ್ಲ. ಉಗುರಿನ ಗೀರು ಮಾತ್ರ. ಕತ್ತಲಾದರೆ ಜಾಸ್ತಿಯಂತೆ, ನಿದ್ದೆಯಿಲ್ಲವಂತೆ.

ಭಾನುವಾರ ನಾನು ಹೋಗಿದ್ದೆ. ಇಲ್ಲಿಂದ ಮುಂದೆ ನನ್ನ ನೆನಪು ಹೀಗಿದೆ: ಮಧ್ಯಾಹ್ನ ಊಟವಾಗಿತ್ತು. ಚಪ್ಪರದ ಕೆಳಗೆ ನಾನು ಕೂತಿದ್ದೆ, ಬ್ಯಾರನ್ನಿನ ಕಡೆಯಿಂದ ಬೇಯುವ ಸೊಪ್ಪಿನ ಸಿಹಿಗಾಟು ವಾಸನೆ. ಗಿರಿಜೆ ಮೆಟ್ಟಿಲಿನ ಹತ್ತಿರ ಬಾಗಿಲ ಚೌಕಟ್ಟು ಹಿಡಿದು ನಿಂತು, ಕಲ್ಲಿನ ಒರಟು ಅಂಚಿಗೆ ಅಂಗಾಲನ್ನು ತಿಕ್ಕುತ್ತಿದ್ದಳು. ಒಂದಾದ ಮೇಲೆ ಇನ್ನೊಂದು. ಕಣ್ಣು ಅರ್ಧ ಮುಚ್ಚಿತ್ತು. ಆಗ ನಾನು ಅಂದೆ, "ಹೊಗೆಸೊಪ್ಪು ಕಾಲಲ್ಲೂ ಕಟ್ತಾರೇನೆ?"

ಈ ಮಾತೇ. ನನ್ನ ಜೀವನದಲ್ಲಿ ಪ್ರಯೋಜನಕ್ಕೆ ಬಂದ ಒಂದೇ ಮಾತು ಎಂದು ನಾನು ಇಟ್ಟುಕೊಂಡಿರುವುದು. ಅಂಟು ಹತ್ತುವುದು ಕೈಗೆ, ಮತ್ತೆ ಅಂಗಾಲು ಯಾಕೆ ನವೆಯಾಗಬೇಕು? ಇಬ್ಬರೂ ಒಂದು ಕ್ಷಣ ಮುಖ ನೋಡಿಕೊಂಡೆವು. ಮಾರನೆಯ ದಿನವೇ ಬಸ್ ಹತ್ತಿಸಿಕೊಂಡು ಹುಣಸೂರಿಗೆ ಬಂದೆ.

ನೆನಪಿನ ಈ ಚಿತ್ರದಲ್ಲಿ ಒಂದು ತೊಡಕಿದೆ. ಬಾಗಿಲ ಚೌಕಟ್ಟು ಹಿಡಿದ ಅವಳ ಕೈಯಲ್ಲಿ ಮುಂಗೈ ತುಂಬ ಹಸಿರು ಬಳೆ ಕಾಣುತ್ತವೆ. ಸೀಮಂತದ ಬಳೆ. ಆದರೆ ಸೀಮಂತ ಆಗಲೇ ಇಲ್ಲ. ಅದಕ್ಕೆ ಮೊದಲೇ ಇದೆಲ್ಲ ನಡೆದು, ಬಳೆ ತೊಟ್ಟದ್ದು ಮಗುವಿನ ನಾಮಕರಣದ ದಿನ. ಇಲ್ಲದ ಬಳೆಯನ್ನು ತೊಡಿಸಿದ ನೆನಪು ಇಲ್ಲದ ಮಾತನ್ನು ನನ್ನ ಬಾಯಲ್ಲಿ ಇಟ್ಟಿರಲಾರದೇ? ಪರೀಕ್ಷೆಯಲ್ಲಿ ಯಾವುದಾದರೂ ವಿದ್ಯಾರ್ಥಿ ಇಂಥ ಸಾಕ್ಷ್ಯ ತಂದರೆ ನಾನೇ ಕೆಂಪು ಗೆರೆ ಎಳೆಯುತ್ತಿದ್ದೆ.

ಕ್ಲಿನಿಕ್ಕಿನಲ್ಲಿ ಡಾಕ್ಟ್ರಮ್ಮ ಮಣೆಯ ಮೇಲೆ ಕೂತಿದ್ದರು. ಗಿರಿಜೆ ಕುರ್ಚಿಯಲ್ಲಿ ಕೂರುವಷ್ಟರಲ್ಲಿ ನಾನು ಎಲ್ಲ ಹೇಳಿ ಮುಗಿಸಿದ್ದೆ: ನವೆ, ಎಣ್ಣೆ, ಹುಣಸೆ ನೀರು, ಕಲ್ಲಿನ ಅಂಚು. ಕೊನೆಗೆ, "ಹೊಗೆಸೊಪ್ಪು ಕಾಲಲ್ಲಿ ಕಟ್ಟಲ್ವಲ್ಲ ಡಾಕ್ಟ್ರೇ" ಎಂದೂ ಹೇಳಿದೆ.

ಅವರು ನನ್ನನ್ನೇ ನೋಡಿದರು. ಮೆಚ್ಚಿಗೆಯೇ ಇರಬೇಕು ಎಂದುಕೊಂಡೆ. "ಸರಿ ಮೇಷ್ಟ್ರೇ, ಹೊರಗೆ ಕೂತ್ಕಳಿ."

ಗಂಡನನ್ನು ಹೊರಗೆ ಕಳಿಸಿ, ಅವನು ಹೇಳಿದ್ದನ್ನೇ ಹೆಂಡತಿಯ ಬಾಯಲ್ಲಿ ಮತ್ತೆ ಮೊದಲಿಂದ ಕೇಳುವುದು ಅವರ ಕ್ರಮ. ನಾನು ಪರದೆಯಾಚೆ ಬೆಂಚಿನಲ್ಲಿ ಕೂತೆ. ಅವರ ಧ್ವನಿ ಆ ದಿನ ಎಂದಿನಂತಿರಲಿಲ್ಲ, ತಗ್ಗಿತ್ತು. ಏನೋ ಕೇಳಿದರು, ಗಿರಿಜೆ ಏನೋ ಹೇಳಿದಳು. ಆಮೇಲೆ ಇಬ್ಬರೂ ನಕ್ಕರು. ಒಂದು ವಾರದಿಂದ ನಿದ್ದೆಯಿಲ್ಲದ ಹೆಂಗಸು, ಅವಳ ಮೈಯಲ್ಲಿ ಏನೋ ಸರಿಯಿಲ್ಲ ಎಂದು ಹುಡುಕುತ್ತಿರುವ ಡಾಕ್ಟರು. ಇಬ್ಬರೂ ಗೆಳತಿಯರ ಹಾಗೆ ಗೊಳ್ಳೆಂದು ನಕ್ಕರು. ಆ ನಗು ಯಾತಕ್ಕೆ ಎಂದು ನಾನು ಆವತ್ತಿನಿಂದ ಯೋಚಿಸಿದ್ದೇನೆ.

ಒಳಗೆ ಕರೆದಾಗ ನಗು ಇರಲಿಲ್ಲ. ಗಿರಿಜೆಯ ಕಾಲು ಇನ್ನೂ ಅವರ ತೊಡೆಯ ಮೇಲಿತ್ತು.

"ನೋಡಿ ಮೇಷ್ಟ್ರೇ, ಗುಳ್ಳೆ ಇಲ್ಲ, ಬೊಕ್ಕೆ ಇಲ್ಲ. ಅಂಗೈ ಅಂಗಾಲು ನವೆ. ಮೂತ್ರ ಕಡು ಹಳದಿಗೆ ತಿರುಗೈತಂತೆ, ಅದ ನಿಮ್ಗೆ ಹೇಳಿಲ್ಲ ಅವ್ಳು. ಬಸುರೀಲಿ ಒಬ್ಬೊಬ್ರಿಗೆ ಲಿವರ್ ಮುನಿಸ್ಕತದೆ. ಪಿತ್ತ ಇಳೀಬೇಕಾದ ದಾರೀಲಿ ಇಳೀದೆ ರಕ್ತಕ್ಕೆ ಸೇರ್ಕತದೆ. ಕೊಲೆಸ್ಟೇಸಿಸ್ ಅಂತಾರೆ. ಅಪರೂಪ. ನಾನು ನೋಡಿರೋದೂ ಕಮ್ಮಿ."

"ಅದೇ ಅಂತ ಹೇಗೆ ಹೇಳ್ತೀರಿ?"

"ಹೇಳ್ತಿಲ್ಲ. ರಕ್ತ ಹೇಳ್ಬೇಕು. ಆದ್ರೆ ಅದೇ ಆಗಿದ್ರೆ ತಾಯಿಗೆ ನವೆ ಅಷ್ಟೇಯ, ಕೂಸಿಗೆ ಅಪಾಯ. ಕೊನೇ ವಾರಗಳಲ್ಲಿ ಒಂದು ಸುಳಿವೂ ಕೊಡದೆ ಉಸಿರು ನಿಂತೋಯ್ತದೆ. ಅದ್ಕೇ ನಾನು ಕಾಯಕ್ಕಿಲ್ಲ. ಇವತ್ತೇ ಮೈಸೂರಿಗೆ ಹೋಗ್ಬೇಕು."

ಗಿರಿಜೆ ಅವರ ಕೈ ಹಿಡಿದುಕೊಂಡಿದ್ದಳು. ನಾನು ಅವಳ ಪಕ್ಕದಲ್ಲೇ ನಿಂತಿದ್ದೆ. ನನ್ನ ಕೈಯೂ ಖಾಲಿಯೇ ಇತ್ತು.

ರಕ್ತ ಹೌದು ಎಂದಿತು. ಮೈಸೂರಿನ ಆಸ್ಪತ್ರೆಯಲ್ಲಿ ಮಾತ್ರೆ, ದಿನಾ ಮಗುವಿನ ಎದೆಬಡಿತ ಕೇಳುವುದು, ಕೊನೆಗೆ ತಿಂಗಳು ತುಂಬುವ ಮೊದಲೇ ನೋವು ಬರಿಸಿ ಹೆರಿಗೆ. ಮಗಳು ಹುಟ್ಟಿದಳು, ಸಣ್ಣ ಮೈ, ದೊಡ್ಡ ಅಳು. ಗಿರಿಜೆಯ ನವೆ ಬಂದ ಹಾಗೇ ಹೇಳದೆ ಕೇಳದೆ ಹೋಯಿತು.

ಅಲ್ಲಿಂದ ಶುರುವಾಯಿತು ಕತೆ. ನಮ್ಮತ್ತೆ ಅದನ್ನು ರಾವಂದೂರಿನಿಂದ ಪಿರಿಯಾಪಟ್ಟಣದವರೆಗೆ ಹೇಳಿದರು. ಅವರ ಕತೆಯಲ್ಲಿ ನಾನು ಬಸ್ ಟಿಕೆಟ್ ತೆಗೆಸಿದವನು. "ಡಾಕ್ಟ್ರಮ್ಮ ಕಾಲ ಒಂದ್ಸಲ ಇಂಗೆ ತಿರುವ್ ನೋಡುದ್ರು, ನೋಡ್ಬುಟ್ಟು ಅಂದ್ರು, ಅಲ್ಲ ಕಣವ್ವಾ, ಒಗೆಸೊಪ್ಪ ಕಾಲಲ್ ಕಟ್ತಾರಾ? ಅಂತ. ಅಷ್ಟೇಯ! ನಮ್ಗ್ಯಾರ್ಗೂ ಒಳೀಲಿಲ್ವಲ್ಲ ಅದು!"

"ಅತ್ತೆ, ಅದು ನಾನು ಹೇಳಿದ್ದು."

"ನೀವೂ ಅಂದಿರ್ಬೋದು ಬುಡಿ," ಎಂದು ಅವರು ನನಗೆ ಇನ್ನೊಂದು ಮುದ್ದೆ ಬಡಿಸಿದರು.

ಮಗಳು ಬೆಳೆದಳು, ಈಗ ಎಚ್.ಡಿ. ಕೋಟೆಯ ಒಂದು ಶಾಲೆಯಲ್ಲಿ ಪಾಠ ಮಾಡುತ್ತಾಳೆ. ಅವಳಿಗೂ ಅಜ್ಜಿಯ ಕತೆಯೇ ಕತೆ. ಗಿರಿಜೆ ಏನು ಹೇಳುತ್ತಿದ್ದಳು ಎಂದರೆ ಏನೂ ಹೇಳುತ್ತಿರಲಿಲ್ಲ. ಆದರೆ ಸಂತೆಗೆ ಹೋದರೆ, ಬ್ಯಾಂಕಿಗೆ ಹೋದರೆ, ಬರುವಾಗ ಕ್ಲಿನಿಕ್ಕಿನಲ್ಲಿ ಇಳಿದು ಬರುವಳು. ಕಾಯಿಲೆ ಏನೂ ಇಲ್ಲ. "ಏನು ಮಾತಾಡ್ತೀರಿ ಇಷ್ಟು ಹೊತ್ತು?" ಎಂದರೆ, "ಹೆಂಗಸ್ರ ಮಾತು ಕಣ್ರೀ." ಬಂದ ಮೇಲೂ ಅವಳ ಮುಖದಲ್ಲಿ ಒಂದು ನಗು ಉಳಿದಿರುತ್ತಿತ್ತು; ಚುರುಮುರಿಯ ಈರುಳ್ಳಿ ವಾಸನೆಯೂ.

ಒಮ್ಮೆ ತಡೆಯಲಾರದೆ ಡಾಕ್ಟ್ರಮ್ಮನನ್ನೇ ಕೇಳಿಬಿಟ್ಟೆ. ಆಗ ಅವರಿಗೆ ಮಂಡಿ ನೋವು ಶುರುವಾಗಿ ಮಣೆಯ ಮೇಲೆ ಕೂತರೆ ಏಳಲು ನರ್ಸಮ್ಮನ ಹೆಗಲು ಬೇಕಾಗುತ್ತಿತ್ತು. ಆದರೂ ಕುರ್ಚಿಗೆ ಬಂದಿರಲಿಲ್ಲ. "ಡಾಕ್ಟ್ರೇ, ನಮ್ಮನೆಯವಳ ಆ ಅಂಗಾಲಿನ ವಿಷಯ. ಮೊದಲು ಗಮನಿಸಿದ್ದು ಯಾರು?"

ಅವರು ಕನ್ನಡಕದ ಮೇಲಿಂದ ನೋಡಿದರು. "ನೀವೇ ಅಲ್ವಾ ಮೇಷ್ಟ್ರೇ? ನಿಮ್ಮಂಗೆ ನೋಡೋ ಗಂಡಸ್ರು ಎಷ್ಟು ಜನ ಇದಾರೆ?"

ಅವತ್ತು ಮನೆಗೆ ನಡೆದುಕೊಂಡು ಬಂದೆ. ಲಕ್ಷ್ಮಣತೀರ್ಥದ ಸೇತುವೆಯ ಮೇಲೆ ನಿಂತು, ಕೊಳಕು ನೀರನ್ನೂ ಪ್ರೀತಿಯಿಂದ ನೋಡಿದೆ. ಆಕರ ಸಿಕ್ಕಿತ್ತು. ಅದೂ ಪ್ರತಿಪಕ್ಷದ ಬಾಯಿಂದಲೇ. ಯಾರಿಗೂ ಹೇಳಲಿಲ್ಲ, ಹೇಳಿದರೆ ಸಣ್ಣವನಾಗುತ್ತೇನೆ ಎನ್ನಿಸಿತು. ಒಳಗೇ ಇಟ್ಟುಕೊಂಡು ವರ್ಷಗಟ್ಟಲೆ ಬೆಚ್ಚಗಿದ್ದೆ. ಒಂದು ಅಭ್ಯಾಸ ಮಾತ್ರ ಆಗಿಹೋಯಿತು. ಗಿರಿಜೆ ಮನೆಯಲ್ಲಿ ಓಡಾಡುವಾಗ ನನ್ನ ಕಣ್ಣು ಅವಳ ಪಾದಕ್ಕೆ ಹೋಗುತ್ತದೆ. ಹಿಮ್ಮಡಿ ಒಡೆದಿದೆಯೇ, ಊದಿದೆಯೇ, ಕುಂಟುತ್ತಿದ್ದಾಳೆಯೇ. ಅವಳಿಗೆ ಸಕ್ಕರೆ ಕಾಯಿಲೆ ಬಂದಾಗ ಕಾಲಿನ ಗಾಯ ಮಾಯುತ್ತಿಲ್ಲ ಎಂದು ಮೊದಲು ಹೇಳಿದವನು ನಾನು. ಇದಕ್ಕೆ ಮಗಳು ಸಾಕ್ಷಿಯಿದ್ದಾಳೆ.

ಡಾಕ್ಟ್ರಮ್ಮ ತೀರಿಕೊಂಡದ್ದು ಊರಿನಲ್ಲಿ, ಚುಂಚನಕಟ್ಟೆ ಹತ್ತಿರದ ಅಣ್ಣನ ಮನೆಯಲ್ಲಿ. ಶಿವಗಣಾರಾಧನೆಗೆ ನಾನೂ ಗಿರಿಜೆಯೂ ಹೋದೆವು. ನಾಲೆ ದಂಡೆಯ ಮೇಲೆ ಶಾಮಿಯಾನ, ಅದರಾಚೆ ನಾಟಿ ಮುಗಿದ ಗದ್ದೆ. ಊಟದ ಪಂಕ್ತಿಗೆ ಕಾಯುತ್ತಾ ಕುರ್ಚಿಯಲ್ಲಿ ಕೂತಿದ್ದಾಗ ಪಕ್ಕದಲ್ಲಿ ಹುಣಸೂರಿನ ಮರದ ಡಿಪೋದ ನಸೀರ್ ಸಾಹೇಬರು ಬಂದು ಕೂತರು. ಮುಖ ಪರಿಚಯದವರು. ಡಾಕ್ಟ್ರಮ್ಮನ ಆ ಮಣೆ ಮಾಡಿಕೊಟ್ಟದ್ದು ಅವರಂತೆ, ತೇಗದ್ದಂತೆ. ನನಗೆ ಗೊತ್ತಿರಲಿಲ್ಲ.

"ನಮ್ ಮನೇವ್ರು ಉಳ್ದಿದ್ದು ಈಯಮ್ಮನಿಂದ ಸಾರ್," ಎಂದರು ಕರವಸ್ತ್ರದಿಂದ ಕಣ್ಣೊರೆಸಿಕೊಂಡು. "ಬಸುರೀಲಿ ಬಿಪಿ ಏರ್ಬಿಟ್ಟಿತ್ತು. ಉಂಗುರ ಬೆರಳಲ್ಲಿ ಸಿಕ್ಕಾಕಂಡು ಬರ್ತಾನೇ ಇರ್ಲಿಲ್ಲ. ಆದ್ರೆ ಒಂದ್ ಮಾತು ಹೇಳ್ತೀನಿ, ಅದನ್ನ ಮೊದ್ಲು ನೋಡಿದ್ದು ನಾನೇ. ಡಾಕ್ಟ್ರಮ್ಮನೇ ಒಪ್ಕೊಂಡಿದ್ರು. ಏನಂದ್ರು ಗೊತ್ತಾ? ‘ಸಾಬ್ರೇ, ನಿಮ್ಮಂಗೆ ನೋಡೋ ಗಂಡಸ್ರು ಎಷ್ಟು ಜನ ಇದಾರೆ?’ ಅಂದ್ರು."

ನಾನು ಗದ್ದೆಯ ಕಡೆ ತಿರುಗಿದೆ.

"ಖುದಾ ಕಸಂ ಸಾರ್. ಇವತ್ತಿಗೂ ನಾನು ಬೇಗಮ್ ಕೈ ಒಂದ್ಸಲ ನೋಡ್ದೆ ಅಂಗಡಿಗೆ ಹೋಗಲ್ಲ."

ನಸೀರ್ ಸಾಹೇಬರಿಗೆ ಎಪ್ಪತ್ತು ದಾಟಿರಬೇಕು. ಅವರ ಮೇಲೆ ಉಕ್ಕಿದ ಹೊಟ್ಟೆಕಿಚ್ಚು ಇಪ್ಪತ್ತರ ಹುಡುಗನದು. ನನಗೆ ಸಿಕ್ಕಿದ್ದ ಏಕೈಕ ಆಕರ ಅಚ್ಚು ಹಾಕಿ ಹಂಚಿದ್ದು! ಆ ಪಂಕ್ತಿಯಲ್ಲಿ ಇನ್ನೆಷ್ಟು ಗಂಡಸರು ಅದೇ ಮಾತನ್ನು ಕಿಸೆಯಲ್ಲಿಟ್ಟುಕೊಂಡು ಪಾಯಸಕ್ಕೆ ಕಾಯುತ್ತಿದ್ದರೋ.

ಕೆ.ಆರ್. ನಗರದಲ್ಲಿ ಹುಣಸೂರಿನ ಬಸ್ ಸಿಕ್ಕಿತು. ಕಿಟಕಿಯ ಪಕ್ಕ ಗಿರಿಜೆ. ಊರು ದಾಟುವವರೆಗೆ ತಡೆದೆ, ಆಮೇಲೆ ಕೇಳಿದೆ. "ಆ ಅಂಗಾಲಿನ ಮಾತು. ನಿಮ್ಮಮ್ಮ ಡಾಕ್ಟ್ರಮ್ಮ ಹೇಳಿದ್ದು ಅಂತಾರೆ. ನಾನು ಹೇಳಿದ್ದು ಅಂತ ನನಗೆ ನೆನಪು. ನಿಜವಾಗಿ ಹೇಳಿದ್ದು ಯಾರು?"

ಅವಳು ಕಿಟಕಿಯಿಂದ ಮುಖ ತಿರುಗಿಸಿ ನನ್ನನ್ನು ನೋಡಿದಳು. ಕಣ್ಣು ಅತ್ತು ಕೆಂಪಾಗಿದ್ದವು.

"ನಾನು."

"ನೀನಾ?"

"ಮತ್ತಿನ್ಯಾರು? ನವೆ ಆಗ್ತಿದ್ದಿದ್ದು ನನ್ನ ಕಾಲಲ್ವಾ? ಕಲ್ಲಿಗೆ ತಿಕ್ತಾ ನಿಂತಿದ್ದೆ, ನೀವು ನೋಡಿದ್ರಿ. ಅಂಟು ಹತ್ತಿದ್ದು ಕೈಗೆ, ಹೊಗೆಸೊಪ್ಪು ಕಾಲಲ್ಲಿ ಕಟ್ತಾರೇನ್ರೀ ಅಂತ ನಾನು ನಿಮ್ಮನ್ನ ಕೇಳಿದ್ದು. ನೀವು ‘ಹೌದಲ್ಲ, ನಾಳೇನೇ ಹೋಗೋಣ’ ಅಂದ್ರಿ. ಅಲ್ಲಿ ಹೋಗಿ ನಾನು ಬಾಯಿ ತೆಗೆಯೋಕೆ ಮುಂಚೆ ನೀವೇ ಹೇಳಿಬಿಟ್ರಿ. ನಿಮ್ಮನ್ನ ಹೊರಗೆ ಕಳಿಸಿ ಡಾಕ್ಟ್ರಮ್ಮ ಕೇಳಿದ್ರು, ‘ಈ ಮಾತು ಮೇಷ್ಟ್ರುದಾ, ನಿಂದಾ?’ ಅಂತ. ನಂದು ಅಂದೆ. ನಗು ಬಂದ್ಬಿಡ್ತು ಇಬ್ರಿಗೂ."

ಪರದೆಯಾಚೆಯ ನಗು. ಬಸ್ಸು ಒಂದು ಗುಂಡಿಗೆ ಇಳಿದು ಹತ್ತಿತು.

"ಇಷ್ಟು ವರ್ಷ ಯಾಕೆ ಹೇಳಲಿಲ್ಲ?"

"ನೀವು ಕೇಳಿದ್ರಾ? ನಮ್ಮಮ್ಮನ ಹತ್ರ ಜಗಳ ಆಡಿದ್ರಿ, ಡಾಕ್ಟ್ರಮ್ಮನ್ನ ಹೋಗಿ ಕೇಳಿದ್ರಿ. ಹೌದು, ಅದೂ ಹೇಳಿದ್ರು ನಂಗೆ ಅವ್ರು. ನನ್ನ ಒಂದಿನ ಕೇಳ್ಲಿಲ್ಲ." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಅವತ್ತೇ ಒಳಗೆ ಹೇಳಿದ್ರು ಡಾಕ್ಟ್ರಮ್ಮ, ‘ಆ ಮಾತು ಅವ್ರಿಗೇ ಬುಟ್ಬುಡು ಕೂಸೇ. ತಮ್ದೇ ಅಂದ್ಕಂಡ್ರೆ ಇನ್ಮ್ಯಾಕೆ ಕಾಲ ನೋಡ್ತಾರೆ’ ಅಂತ. ನೋಡಿದ್ರಲ್ಲ. ನೋಡ್ತಾನೇ ಇದೀರಲ್ಲ."

ಹೇಳುತ್ತಾ ಹೇಳುತ್ತಾ ಅವಳಿಗೆ ನಗು ಬಂತು. ಅದೇ ನಗು, ಪರದೆಯಾಚೆಯಿಂದ ಕೇಳಿದ್ದು. ಈಗ ನನ್ನ ಭುಜಕ್ಕೆ ತಾಗುವಷ್ಟು ಹತ್ತಿರ. ನಾನೂ ನಗಲು ಹೊರಟೆ. ಅಷ್ಟರಲ್ಲಿ ಅವಳ ನಗು ಅರ್ಧಕ್ಕೆ ನಿಂತಿತು. ಜೊತೆಗೆ ನಗುತ್ತಿದ್ದವರ ದನಿಗೆ ಕಾದಂತೆ ಒಂದು ಗಳಿಗೆ ಹಾಗೇ ಇದ್ದು, ಆಮೇಲೆ ಕಿಟಕಿಯ ಕಡೆ ತಿರುಗಿದಳು.

ಸ್ವಲ್ಪ ದೂರ ಹೋದ ಮೇಲೆ ಚಪ್ಪಲಿ ಬಿಟ್ಟು, ಮುಂದಿನ ಸೀಟಿನ ಕೆಳಗಿನ ಕಂಬಿಯ ಮೇಲೆ ಪಾದ ಇಟ್ಟಳು. ದಿನವೆಲ್ಲ ನಿಂತು ಎಡಗಾಲು ಸ್ವಲ್ಪ ಊದಿತ್ತು. ನೋಡಿದೆ, ಹೇಳಲೋ ಬೇಡವೋ ಎಂದು ಯೋಚಿಸಿದೆ.

"ಗೊತ್ತು," ಎಂದಳು ಹೊರಗೆ ನೋಡುತ್ತಲೇ.